ಬಿದ್ರಿ, ಕನಗನಹಳ್ಳಿ, ಸುರಪುರ: ನಮ್ಮ ಭಾಗದವರು ಯಾವ ಆನ್‌ಲೈನ್ ಮ್ಯೂಸಿಯಂ ತೆರೆಯಬೇಕು?

ಕಲಬುರಗಿಯಲ್ಲಿ ಚಿತ್ರಕಲೆ ಕಲಿಯುವ ಹುಡುಗರು, ಬೀದರಿನಲ್ಲಿ ಬಿದ್ರಿ ಕೆಲಸ (ಕಪ್ಪು ಲೋಹದಲ್ಲಿ ಬೆಳ್ಳಿ ಕೂರಿಸುವ ಕಸುಬು) ಮಾಡುವ ಮನೆಗಳ ಮಕ್ಕಳು, ಯಾದಗಿರಿ ಕಡೆಯ ಶಾಲೆಗಳ ಡ್ರಾಯಿಂಗ್ ಮಾಸ್ತರುಗಳು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. ‘ಮ್ಯೂಸಿಯಂನೆಲ್ಲ ಈಗ ಮೊಬೈಲ್‌ನಲ್ಲೇ ನೋಡಬಹುದಂತೆ, ಯಾವುದು ಒಳ್ಳೆಯದು?’

ಒಂದೇ ಹೆಸರು ಹೇಳಿ ಮುಗಿಸುವ ಮಾತಲ್ಲ ಇದು. ನಾನು ಕೊಡುವ ಸಲಹೆ ಒಂದೇ. ಮೊದಲು ಮ್ಯೂಸಿಯಂ ಆರಿಸಬೇಡಿ, ವಸ್ತು ಆರಿಸಿ. ಒಂದು ಬಿದ್ರಿ ಹುಕ್ಕಾ ಬೇಕೋ, ಬೌದ್ಧ ಸ್ತೂಪದ ಕಲ್ಲುಹಲಗೆ ಬೇಕೋ, ಕ್ಯಾಲೆಂಡರ್ ಚಿತ್ರ ಬೇಕೋ ಮೊದಲು ಗಟ್ಟಿ ಮಾಡಿಕೊಳ್ಳಿ. ಆ ವಸ್ತುವನ್ನು ಯಾರು ಚೆನ್ನಾಗಿ ತೋರಿಸುತ್ತಾರೋ ಅವರ ಬಾಗಿಲು ತಟ್ಟಿ. ಸುಮ್ನೆ ‘ಪ್ಯಾರಿಸ್ಸಿನ ಲೂವ್ರ್ ಮ್ಯೂಸಿಯಂ ನೋಡೋಣ’ ಅಂತ ಒಳಗೆ ಹೋದರೆ ಅರ್ಧ ಗಂಟೆಯಲ್ಲಿ ಬೆರಳು ಸೋಲುತ್ತದೆ, ಮನಸ್ಸಿನಲ್ಲಿ ಏನೂ ನಿಲ್ಲುವುದಿಲ್ಲ.

ಆನ್‌ಲೈನ್ ಪ್ರದರ್ಶನ ಎಂಬ ಒಂದೇ ಹೆಸರಿನಲ್ಲಿ ಬೇರೆಬೇರೆ ಸರಕು ಓಡಾಡುತ್ತಿದೆ. ಒಂದು, ಕೋಣೆಯೊಳಗೆ ನಡೆದಾಡಿದ ಹಾಗೆ ಸುತ್ತ ತಿರುಗಿ ನೋಡುವ ವರ್ಚುವಲ್ ಟೂರ್. ಇನ್ನೊಂದು, ಕ್ಯುರೇಟರ್ (ಮ್ಯೂಸಿಯಂನ ಸಂಗ್ರಹ ನೋಡಿಕೊಳ್ಳುವ ತಜ್ಞರು) ಹತ್ತಿಪ್ಪತ್ತು ಚಿತ್ರ ಆರಿಸಿ, ಮಾತು ಸೇರಿಸಿ ಕಥೆಯ ಹಾಗೆ ಕಟ್ಟಿದ ಪ್ರದರ್ಶನ. ಮೂರನೆಯದು ಮ್ಯೂಸಿಯಂನ ಪೂರ್ತಿ ಸಂಗ್ರಹದ ಪಟ್ಟಿ. ಅಲ್ಲಿ ಪ್ರತಿ ವಸ್ತುವಿಗೂ ಒಂದು ಪುಟ. ಇವುಗಳ ಪಕ್ಕದಲ್ಲೇ ಕಲೆಯ ವಿಶ್ವಕೋಶಗಳು, ಉಚಿತ ಕೋರ್ಸ್‌ಗಳು ಇವೆ. ಹೆಚ್ಚು ಪ್ರಚಾರ ಸಿಗುವುದು ವರ್ಚುವಲ್ ಟೂರ್‌ಗೆ. ಹೆಚ್ಚು ಕಲಿಸುವುದು ಮಾತ್ರ ಆ ಮೂರನೆಯದು, ವಸ್ತುವಿನ ಪುಟ. ಈ ವಿಷಯದಲ್ಲಿ ನನ್ನ ಅಭಿಪ್ರಾಯ ಗಟ್ಟಿಯಾಗಿದೆ.

ಟೂರ್‌ನಲ್ಲಿ ಕಾಣುವುದು ಗೋಡೆ, ನೆಲ, ಗಾಜಿನ ಪೆಟ್ಟಿಗೆ, ಗಾಜಿನ ಮೇಲೆ ದೀಪದ ಹೊಳಪು. ವಸ್ತು ದೂರದಲ್ಲಿ ಇರುತ್ತದೆ, ಪಕ್ಕದ ಚೀಟಿ ಓದಲು ಬರುವುದಿಲ್ಲ. ಮಕ್ಕಳಿಗೆ ‘ಮ್ಯೂಸಿಯಂ ಅಂದರೆ ಹೀಗಿರುತ್ತದೆ’ ಎಂದು ಒಮ್ಮೆ ತೋರಿಸಲು ಚೆಂದ, ಅಷ್ಟೇ. ಹೈದರಾಬಾದಿನ ಸಾಲಾರ್‌ಜಂಗ್ ಮ್ಯೂಸಿಯಂ ನಮ್ಮ ಮೂರೂ ಜಿಲ್ಲೆಗಳಿಗೆ ಹತ್ತಿರದ ದೊಡ್ಡ ಮ್ಯೂಸಿಯಂ. 1951ರಲ್ಲಿ ಶುರುವಾಗಿ 1968ರಲ್ಲಿ ಈಗಿನ ಕಟ್ಟಡಕ್ಕೆ ಬಂದದ್ದು. ಅಲ್ಲಿ ಬಿದ್ರಿ ಸಾಮಾನುಗಳ ದೊಡ್ಡ ಸಂಗ್ರಹವೇ ಇದೆ. ಅಲ್ಲಿಗೆ ಬಸ್ಸು, ರೈಲು ಎರಡೂ ಇರುವಾಗ ಅದನ್ನು ಮೊಬೈಲ್‌ನಲ್ಲಿ ಸುತ್ತುವುದಕ್ಕಿಂತ ಒಂದು ದಿನ ಬಿಡುವು ಮಾಡಿಕೊಂಡು ಹೋಗಿಬರುವುದೇ ಲೇಸು. ಶುಕ್ರವಾರ ರಜೆ ಎಂಬುದು ನೆನಪಿರಲಿ. ಹೋಗುವ ಮೊದಲು ಆನ್‌ಲೈನ್‌ನಲ್ಲಿ ಏನು ನೋಡಬೇಕೆಂದು ಗುರುತು ಹಾಕಿಕೊಂಡು ಹೋದರೆ ಅಲ್ಲಿ ಕಾಲು ಸವೆಸುವುದು ತಪ್ಪುತ್ತದೆ.

ಈಗ ಬಿದ್ರಿಯ ವಿಷಯ. ನಮಗೆ ಬೇರೆಲ್ಲಕ್ಕಿಂತ ಜಾಸ್ತಿ ಲಾಭ ಇರುವುದು ಇಲ್ಲೇ. ಬೀದರಿನಲ್ಲಿ ಇವತ್ತು ಅಂಗಡಿಗೆ ಹೋದರೆ ಸಿಗುವುದು ಹೆಚ್ಚಾಗಿ ಹೂದಾನಿ, ಡಬ್ಬಿ, ಕೀಚೈನ್, ಫಲಕ. ಮುನ್ನೂರು ವರ್ಷದ ಹಿಂದೆ ಇಲ್ಲಿಯ ಕೈಗಳು ಏನು ಮಾಡುತ್ತಿದ್ದವು ಎಂದು ನೋಡಬೇಕಾದರೆ ಆ ಹಳೆಯ ತುಂಡುಗಳಲ್ಲಿ ಬಹಳಷ್ಟು ಲಂಡನ್, ನ್ಯೂಯಾರ್ಕ್ ಸೇರಿವೆ. ಅಲ್ಲಿಗೆ ಹೋಗಿ ನೋಡುವುದು ನಮ್ಮಲ್ಲಿ ಎಷ್ಟು ಜನರಿಗೆ ಆಗುತ್ತದೆ? ಹಾಗಾಗಿ ಆನ್‌ಲೈನ್ ಪುಟವೇ ಗತಿ. ಅದು ಒಳ್ಳೆಯ ಗತಿಯೇ.

ಮುಖ್ಯವಾಗಿ ಎರಡು ಮ್ಯೂಸಿಯಂಗಳನ್ನು ಹೋಲಿಸಿ ನೋಡಬೇಕು. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ (ಎಲ್ಲರೂ ‘ಮೆಟ್’ ಎನ್ನುತ್ತಾರೆ) ಮತ್ತು ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್, ಅಂದರೆ ‘ವಿ ಅಂಡ್ ಎ’.

ವಿ ಅಂಡ್ ಎ ಕರಕುಶಲ ವಸ್ತುಗಳಿಗೆಂದೇ ಬೆಳೆದ ಮ್ಯೂಸಿಯಂ. 1851ರಲ್ಲಿ ಲಂಡನ್ನಿನಲ್ಲಿ ನಡೆದ ದೊಡ್ಡ ವಸ್ತುಪ್ರದರ್ಶನದ ಬೆನ್ನಿಗೇ ಹುಟ್ಟಿದ್ದು. ಆ ಪ್ರದರ್ಶನದಲ್ಲಿ ಬಿದ್ರಿಯೂ ಇತ್ತು. ಹೀಗಾಗಿ ಬಿದ್ರಿಯ ಸಂಖ್ಯೆ, ವೈವಿಧ್ಯ ಎರಡೂ ಅಲ್ಲಿ ಹೆಚ್ಚು. ಹುಕ್ಕಾ ತಳ (ಹುಕ್ಕಾದಲ್ಲಿ ನೀರು ತುಂಬುವ ಪಾತ್ರೆ), ಪಾನದಾನ, ತಟ್ಟೆ, ಸುರಾಯಿ, ಕೈ ತೊಳೆಯುವ ಜಗ್ಗು, ಹೀಗೆ ಬಗೆಬಗೆಯ ಸಾಮಾನು. ಒಂದು ಎಚ್ಚರಿಕೆ ಬೇಕು. ಬಿದ್ರಿ ಎಂದು ಹುಡುಕಿದಾಗ ಬರುವುದೆಲ್ಲ ಬೀದರಿನದಲ್ಲ. ಲಖನೌ, ಪೂರ್ಣಿಯಾ, ಹೈದರಾಬಾದಿನಲ್ಲೂ ಈ ಕೆಲಸ ನಡೆಯುತ್ತಿತ್ತು. ಪುಟದಲ್ಲಿ ‘ತಯಾರಾದ ಜಾಗ’ ಎಂಬ ಸಾಲು ಓದದೆ ಮುಂದೆ ಹೋಗಬೇಡಿ.

ಮೆಟ್‌ನಲ್ಲಿ ಬಿದ್ರಿ ಸಾಮಾನು ಅಷ್ಟೊಂದು ಇಲ್ಲ. ಆದರೆ ಇರುವುದನ್ನು ತೋರಿಸುವ ರೀತಿ ಉದಾರವಾಗಿದೆ. ಫೋಟೋ ದೊಡ್ಡದು. ಹಾಗೇ ಇಳಿಸಿಕೊಳ್ಳಬಹುದು. ವಿವರಣೆಯೂ ಓದುವಂತಿದೆ. ಅಲ್ಲಿರುವ ಒಂದು ವಸ್ತುವನ್ನು ನಾನು ಎಲ್ಲರಿಗೂ ಮೊದಲು ತೋರಿಸುತ್ತೇನೆ. ಹದಿನೇಳನೇ ಶತಮಾನದ ಕೊನೆಯ ಹೊತ್ತಿನ ಒಂದು ಹುಕ್ಕಾ ತಳ. ಗುಂಡಗೆ, ಒಂದು ಗೇಣಿಗಿಂತ ಕಡಿಮೆ ಎತ್ತರ. ಕಪ್ಪು ಮೈಮೇಲೆ ಸುತ್ತಲೂ ಐರಿಸ್ ಹೂವಿನ ಗಿಡಗಳು ನಿಂತಿವೆ. ಬಿದ್ರಿ ಎಂದರೆ ನಮ್ಮ ಕಣ್ಣಿಗೆ ಕಪ್ಪು ಮತ್ತು ಬೆಳ್ಳಿ, ಅಲ್ವಾ? ಇಲ್ಲಿ ಕೂರಿಸಿದ್ದು ಬೆಳ್ಳಿಯಲ್ಲ, ಹಿತ್ತಾಳೆ. ಕಪ್ಪಿನ ಮೇಲೆ ಹಳದಿ ಹೂ. ಇದೊಂದನ್ನು ನೋಡಿದ ಮೇಲೆ ಬಿದ್ರಿಯ ಬಣ್ಣಗಳ ಬಗ್ಗೆ ಇರುವ ಎಣಿಕೆಯೇ ಬದಲಾಗುತ್ತದೆ. ಈಗಿನ ಕುಶಲಕರ್ಮಿಗಳು ಹೊಸ ವಿನ್ಯಾಸ ಬೇಕು ಎಂದು ಹುಡುಕುವಾಗ ಹಳೆಯದೇ ಎಷ್ಟು ಹೊಸದಾಗಿ ಕಾಣುತ್ತದೆ ನೋಡಿ.

ಬಿದ್ರಿಯ ಫೋಟೋವನ್ನು ಜೂಮ್ ಮಾಡಿದಾಗ ಏನು ನೋಡಬೇಕು ಎಂಬುದನ್ನೂ ಹೇಳಬೇಕು. ಇಲ್ಲದಿದ್ದರೆ ಜೂಮ್ ಬರೀ ಆಟ. ಸತುವು ಹದಿನಾರು ಪಾಲು, ತಾಮ್ರ ಒಂದು ಪಾಲು, ಇದು ಬಿದ್ರಿಯ ಲೋಹದ ಸಾಮಾನ್ಯ ಲೆಕ್ಕ. ಮರಳಿನ ಅಚ್ಚಿನಲ್ಲಿ ಎರಕ ಹೊಯ್ಯುತ್ತಾರೆ. ಉಜ್ಜಿ ನುಣುಪು ಮಾಡಿ, ಮೈಲುತುತ್ತದ ನೀರು ಸವರಿ ತಾತ್ಕಾಲಿಕವಾಗಿ ಕಪ್ಪು ಮಾಡಿ, ಅದರ ಮೇಲೆ ಉಳಿಯಿಂದ ಕೆತ್ತುತ್ತಾರೆ. ಆ ಗೀರುಗಳಲ್ಲಿ ಬೆಳ್ಳಿ ತಂತಿ ಕೂರಿಸಿದರೆ ತಾರಕಶಿ, ತಗಡು ಕತ್ತರಿಸಿ ಕೂರಿಸಿದರೆ ತೆಹನಿಶಾನ್. ಮತ್ತೆ ಉಜ್ಜಿ, ಕಾಯಿಸಿ, ಬೀದರ ಕೋಟೆಯ ಹಳೆಯ ಮಣ್ಣನ್ನು ನವಸಾಗರದ ಜೊತೆ ಕಲಸಿ ಹಚ್ಚಿದರೆ ಲೋಹ ಪಕ್ಕಾ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಈಗ ಫೋಟೋ ನೋಡಿ. ಹೂವಿನ ಎಸಳು ಒಂದೇ ಅಗಲ ತಗಡೋ, ಪಕ್ಕಪಕ್ಕದಲ್ಲಿ ಕೂರಿಸಿದ ತಂತಿಗಳೋ? ಎಲ್ಲಾದರೂ ಬೆಳ್ಳಿ ಉದುರಿ ಗೀರು ಖಾಲಿ ಬಿದ್ದಿದೆಯೇ? ಖಾಲಿ ಗೀರು ಸಿಕ್ಕರೆ ಅದೇ ಅದೃಷ್ಟ. ಉಳಿ ಎಷ್ಟು ಆಳಕ್ಕೆ ಹೋಗಿದೆ, ಅಂಚು ಹೇಗೆ ತಿರುಗಿದೆ ಎಂಬುದು ಅಲ್ಲೇ ಕಾಣುತ್ತದೆ. ಗಾಜಿನ ಪೆಟ್ಟಿಗೆಯ ಮುಂದೆ ನಿಂತರೂ ಇಷ್ಟು ಹತ್ತಿರದಿಂದ ಯಾರೂ ನೋಡಲು ಬಿಡುವುದಿಲ್ಲ.

ಈ ಎರಡರಲ್ಲಿ ಒಂದನ್ನೇ ಆರಿಸಬೇಕು ಎಂದರೆ ನೀವು ಯಾರು ಎಂಬುದರ ಮೇಲೆ ಹೋಗುತ್ತದೆ. ಆಕಾರ, ಮಾದರಿ ಹೆಚ್ಚು ಹೆಚ್ಚು ನೋಡಬೇಕಾದ ಕುಶಲಕರ್ಮಿಗೆ ವಿ ಅಂಡ್ ಎ. ಕಾಲೇಜಿನ ಪ್ರಾಜೆಕ್ಟ್ ಬರೆಯುವವರಿಗೆ ಮೆಟ್. ಮೆಟ್ 2015ರಲ್ಲಿ ದಖ್ಖನಿನ ಸುಲ್ತಾನರ ಕಲೆಯ ಬಗ್ಗೆ ದೊಡ್ಡ ಪ್ರದರ್ಶನ ಮಾಡಿತ್ತು. ಬಿಜಾಪುರ, ಗೋಲ್ಕೊಂಡಾ, ಅಹ್ಮದ್‌ನಗರದ ಜೊತೆಗೆ ಬೀದರಿಗೂ ಅಲ್ಲಿ ಜಾಗ ಇತ್ತು. ಪ್ರದರ್ಶನ ಮುಗಿದು ಎಷ್ಟೋ ವರ್ಷವಾದರೂ ಅದರ ಪುಟಗಳು ವೆಬ್‌ಸೈಟಿನಲ್ಲಿ ಉಳಿದಿವೆ. ಆನ್‌ಲೈನ್ ಪ್ರದರ್ಶನದ ದೊಡ್ಡ ಗುಣ ಇದು. ಬಾಗಿಲು ಹಾಕುವ ದಿನಾಂಕ ಇಲ್ಲ.

ಫೋಟೋ ಬಳಸುವ ಹಕ್ಕಿನಲ್ಲಿ ಮಾತ್ರ ಇಬ್ಬರ ನಡುವೆ ದೊಡ್ಡ ಅಂತರ ಇದೆ. ಮೆಟ್ 2017ರ ಫೆಬ್ರುವರಿಯಲ್ಲಿ ತನ್ನ ಹತ್ತಿರದ ಸುಮಾರು 3,75,000 ಚಿತ್ರಗಳನ್ನು ಯಾರು ಬೇಕಾದರೂ, ಯಾವ ಕೆಲಸಕ್ಕೆ ಬೇಕಾದರೂ, ಕೇಳದೆ ಬಳಸಬಹುದು ಎಂದು ಬಿಟ್ಟುಕೊಟ್ಟಿತು. ‘ಓಪನ್ ಆಕ್ಸೆಸ್’ ಗುರುತು ಇರುವ ಚಿತ್ರವನ್ನು ನಿಮ್ಮ ಅಂಗಡಿಯ ಕ್ಯಾಟಲಾಗ್‌ನಲ್ಲೂ ಅಚ್ಚು ಹಾಕಬಹುದು. ಅಮೆರಿಕದ ಕ್ಲೀವ್‌ಲ್ಯಾಂಡ್ ಮ್ಯೂಸಿಯಂ 2019ರಲ್ಲಿ, ಸ್ಮಿತ್‌ಸೋನಿಯನ್ 2020ರಲ್ಲಿ ಇದೇ ದಾರಿ ಹಿಡಿದವು. ವಿ ಅಂಡ್ ಎ ಚಿತ್ರಗಳು ಓದು, ಪಾಠ, ಸ್ವಂತ ಕಲಿಕೆಗೆ ಉಚಿತ, ವ್ಯಾಪಾರಕ್ಕೆ ಬಳಸಬೇಕಾದರೆ ಅನುಮತಿ ಬೇಕು. ಬ್ರಿಟಿಷ್ ಮ್ಯೂಸಿಯಂನದೂ ಹೀಗೇ, ವ್ಯಾಪಾರಕ್ಕೆ ಇಲ್ಲ. ಶಾಲೆಯವರು ಈ ವಿಷಯದಲ್ಲಿ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ವಸ್ತು ಮಾರುವವರು ಮಾತ್ರ ಪುಟದ ಕೊನೆಯವರೆಗೆ ಓದಿ.

ನಮ್ಮ ದೇಶದ್ದೇ ಆದ ‘ಮ್ಯೂಸಿಯಮ್ಸ್ ಆಫ್ ಇಂಡಿಯಾ’ ತಾಣವನ್ನು ಎಲ್ಲಿ ಇಡಬೇಕು? ಕೇಂದ್ರ ಸಂಸ್ಕೃತಿ ಸಚಿವಾಲಯದ ಈ ತಾಣದಲ್ಲಿ ದೆಹಲಿಯ ರಾಷ್ಟ್ರೀಯ ವಸ್ತುಸಂಗ್ರಹಾಲಯ, ಸಾಲಾರ್‌ಜಂಗ್, ಕೋಲ್ಕತ್ತಾದ ಇಂಡಿಯನ್ ಮ್ಯೂಸಿಯಂ, ನಾಗಾರ್ಜುನಕೊಂಡ ಮುಂತಾದ ಸಂಗ್ರಹಗಳು ಒಂದೇ ಕಡೆ ಸಿಗುತ್ತವೆ. ಇಲ್ಲಿ ಕಥೆ ಕಡಿಮೆ, ದಾಖಲೆ ಜಾಸ್ತಿ. ಅಳತೆ, ಲೋಹ, ಕಾಲ, ನೋಂದಣಿ ಸಂಖ್ಯೆ. ಓದಲು ಒಣ ಎನಿಸಬಹುದು. ಆದರೆ ಆ ನೋಂದಣಿ ಸಂಖ್ಯೆ ಬರೆದುಕೊಂಡು ಹೈದರಾಬಾದಿಗೆ ಹೋಗಿ ಅದೇ ವಸ್ತುವನ್ನು ಕೇಳಬಹುದು. ಲಂಡನ್ನಿನ ತಾಣದಿಂದ ಈ ಉಪಯೋಗ ಸಿಗದು.

ಗೂಗಲ್ ಆರ್ಟ್ಸ್ ಅಂಡ್ ಕಲ್ಚರ್ ಎಲ್ಲರಿಗೂ ಗೊತ್ತು. 2011ರ ಫೆಬ್ರುವರಿಯಲ್ಲಿ 17 ಮ್ಯೂಸಿಯಂಗಳೊಂದಿಗೆ ಶುರುವಾಯಿತು. ಈಗ ನಮ್ಮ ರಾಷ್ಟ್ರೀಯ ವಸ್ತುಸಂಗ್ರಹಾಲಯ, ಆಧುನಿಕ ಕಲೆಯ ರಾಷ್ಟ್ರೀಯ ಗ್ಯಾಲರಿ, ಸಾಲಾರ್‌ಜಂಗ್ ಎಲ್ಲವೂ ಅದರಲ್ಲಿವೆ. ಕರಕುಶಲಗಳ ಬಗ್ಗೆ ಕುಶಲಕರ್ಮಿಗಳ ಸಂಘಟನೆಯಾದ ದಸ್ತಕಾರಿ ಹಾಟ್ ಸಮಿತಿ ಕಟ್ಟಿದ ಚಿತ್ರಕಥೆಗಳೂ ಇವೆ. ತರಗತಿಗೆ ಇದಕ್ಕಿಂತ ಸುಲಭವಾದದ್ದು ಇಲ್ಲ. ಪರದೆ ಜರುಗಿಸಿದರೆ ಸಾಕು, ಚಿತ್ರ ತಾನೇ ಹತ್ತಿರ ಬರುತ್ತದೆ, ಒಂದೆರಡು ಸಾಲು ಮಾತು ಬರುತ್ತದೆ. ಎಂಟನೇ ತರಗತಿಯ ಹುಡುಗಿಗೂ ದಾರಿ ತಪ್ಪುವುದಿಲ್ಲ. ಕೊರತೆ ಏನೆಂದರೆ, ಬೇರೆಯವರು ಆರಿಸಿದ್ದನ್ನು ಮಾತ್ರ ನೋಡುತ್ತೀರಿ. ಮ್ಯೂಸಿಯಂನ ಪೂರ್ತಿ ಸಂಗ್ರಹ ಅಲ್ಲಿರುವುದಿಲ್ಲ. ಅಲ್ಲಿ ಒಂದು ವಸ್ತು ಹಿಡಿಸಿದರೆ ಅದರ ಹೆಸರು ಹಿಡಿದು ಆ ಮ್ಯೂಸಿಯಂನ ಸ್ವಂತ ತಾಣಕ್ಕೆ ಹೋಗುವುದು ಸರಿಯಾದ ಕ್ರಮ.

ಬಣ್ಣದ ಚಿತ್ರ ಕಲಿಯುವವರಿಗೆ ಒಂದು ಹೆಸರು ಪ್ರತ್ಯೇಕವಾಗಿ ಹೇಳುತ್ತೇನೆ. ಆಮ್‌ಸ್ಟರ್‌ಡ್ಯಾಮಿನ ರೈಕ್ಸ್ ಮ್ಯೂಸಿಯಂ. ರೆಂಬ್ರಾಂಟ್ 1642ರಲ್ಲಿ ಮುಗಿಸಿದ ‘ನೈಟ್ ವಾಚ್’ ಸುಮಾರು ನಾಲ್ಕೂವರೆ ಮೀಟರ್ ಅಗಲ, 3.8 ಮೀಟರ್ ಎತ್ತರದ ಕ್ಯಾನ್ವಾಸ್. ಅದನ್ನು 8,439 ಬಿಡಿ ಫೋಟೋಗಳಾಗಿ ತೆಗೆದು, ಜೋಡಿಸಿ, 2022ರಲ್ಲಿ 717 ಗಿಗಾಪಿಕ್ಸೆಲ್ ಚಿತ್ರವಾಗಿ ಎಲ್ಲರಿಗೂ ತೆರೆದರು. ಅಂದರೆ 71,700 ಕೋಟಿ ಪಿಕ್ಸೆಲ್. ಬಣ್ಣದಲ್ಲಿ ಬಿಟ್ಟ ಕೂದಲಿನಂಥ ಬಿರುಕು, ಕಣ್ಣಿನೊಳಗೆ ಒಂದೇ ಏಟಿಗೆ ಇಟ್ಟ ಬಿಳಿ ಚುಕ್ಕೆ ಎಲ್ಲ ಕಾಣುತ್ತದೆ. ಇಷ್ಟು ದೊಡ್ಡ ಚಿತ್ರ ನಮ್ಮ ಮೊಬೈಲ್‌ನಲ್ಲಿ ಹೇಗೆ ತೆರೆಯುತ್ತದೆ ಎಂಬ ಅನುಮಾನ ಬೇಡ. ಚಿತ್ರವನ್ನು ಸಣ್ಣ ಸಣ್ಣ ಚೌಕಗಳಾಗಿ ಕತ್ತರಿಸಿ ಇಟ್ಟಿರುತ್ತಾರೆ. ನೀವು ನೋಡುತ್ತಿರುವ ಜಾಗದ ಚೌಕಗಳಷ್ಟೇ ಇಳಿಯುತ್ತವೆ.

ಕಲಬುರಗಿಯವರಿಗೆ ಇನ್ನೊಂದು ದೊಡ್ಡ ವಿಷಯ ಸನ್ನತಿ, ಕನಗನಹಳ್ಳಿ. ಚಿತ್ತಾಪುರ ತಾಲ್ಲೂಕಿನಲ್ಲಿ ಭೀಮಾ ನದಿಯ ದಂಡೆಯ ಈ ಮಹಾಸ್ತೂಪದಲ್ಲಿ ಅಶೋಕನ ಉಬ್ಬುಚಿತ್ರ ಇರುವ ಕಲ್ಲುಹಲಗೆ ಸಿಕ್ಕಿತು. ಬ್ರಾಹ್ಮಿ ಲಿಪಿಯಲ್ಲಿ ಆತನ ಹೆಸರೇ ಕೆತ್ತಿದೆ. ಇದಕ್ಕೆ ಆನ್‌ಲೈನ್ ಬೇಡವೇ ಬೇಡ, ಅಲ್ಲಿಗೇ ಹೋಗಿ. ಆನ್‌ಲೈನ್ ಬೇಕಾಗುವುದು ಹೋಲಿಕೆಗೆ. ಆಂಧ್ರದ ಅಮರಾವತಿ ಸ್ತೂಪದ ನೂರಕ್ಕೂ ಹೆಚ್ಚು ಶಿಲ್ಪಗಳು ಬ್ರಿಟಿಷ್ ಮ್ಯೂಸಿಯಂನಲ್ಲಿವೆ. ಅವುಗಳ ಪುಟಗಳೆಲ್ಲ ತೆರೆದಿವೆ. ನಾಗಾರ್ಜುನಕೊಂಡದ್ದು ಮ್ಯೂಸಿಯಮ್ಸ್ ಆಫ್ ಇಂಡಿಯಾದಲ್ಲಿ ಇದೆ. ಮೂರೂ ಕಡೆ ಸುಣ್ಣದ ಕಲ್ಲು, ಮೂರೂ ಕಡೆ ಬುದ್ಧನ ಬದುಕಿನ ಕಥೆ. ಒಂದೇ ಪ್ರಸಂಗವನ್ನು ಆರಿಸಿಕೊಳ್ಳಿ, ಉದಾಹರಣೆಗೆ ಬೋಧಿವೃಕ್ಷದ ಪೂಜೆ. ಮೂರು ಊರಿನ ಶಿಲ್ಪಿಗಳು ಜನರ ಗುಂಪನ್ನು ಹೇಗೆ ತುಂಬಿದ್ದಾರೆ, ತಲೆಯ ರುಮಾಲು ಹೇಗೆ ಸುತ್ತಿದ್ದಾರೆ, ಎಷ್ಟು ಜಾಗ ಖಾಲಿ ಬಿಟ್ಟಿದ್ದಾರೆ ನೋಡಿ. ಇಂಥ ಕೆಲಸಕ್ಕೆ ಬ್ರಿಟಿಷ್ ಮ್ಯೂಸಿಯಂನ ತಾಣವೇ ಮೇಲು. ಒಂದೇ ಹಲಗೆಗೆ ಹಲವು ಕೋನದ ಫೋಟೋ, ಯಾರು ಯಾವಾಗ ತಂದರು ಎಂಬ ವಿವರ, ಹಿಂದಿನ ವಿದ್ವಾಂಸರ ಟಿಪ್ಪಣಿ ಸಿಗುತ್ತವೆ. ಅಮರಾವತಿಯ ಕಲ್ಲುಗಳು ಲಂಡನ್ ತಲುಪಿದ್ದು ಹೇಗೆ ಎಂಬುದನ್ನೂ ಅಲ್ಲೇ ಓದಿ. ಅದು ನೋವಿನ ಓದು. ಆದರೂ ಓದಬೇಕು.

ಎಸ್. ಎಂ. ಪಂಡಿತರ ಊರಿನವರಾದ ನಮಗೆ ಕ್ಯಾಲೆಂಡರ್ ಚಿತ್ರದ ಮೇಲೆ ಬೇರೆಯೇ ಮಮತೆ. 1916ರಲ್ಲಿ ಕಲಬುರಗಿಯಲ್ಲಿ ಹುಟ್ಟಿ, ಮುಂಬೈಗೆ ಹೋಗಿ, ಸಿನಿಮಾ ಪೋಸ್ಟರಿನಿಂದ ದೇವರ ಚಿತ್ರದವರೆಗೆ ಬರೆದವರು ಅವರು. ಈ ಬಗೆಯ ಚಿತ್ರಗಳನ್ನು ಮೆಟ್‌ನಲ್ಲಿ ಹುಡುಕಿ ಸಮಯ ಕಳೆಯಬೇಡಿ. ಬೆಂಗಳೂರಿನ ಮ್ಯೂಸಿಯಂ ಆಫ್ ಆರ್ಟ್ ಅಂಡ್ ಫೋಟೋಗ್ರಫಿ, ಅಂದರೆ ‘ಮ್ಯಾಪ್’, ಇದಕ್ಕೆ ಸರಿಯಾದ ಜಾಗ. ಮುದ್ರಿತ ದೇವರ ಪಟ, ಸಿನಿಮಾ ಪೋಸ್ಟರ್, ಜಾಹೀರಾತು, ಹಳೆಯ ಫೋಟೋಗಳನ್ನು ಅವರು ದೊಡ್ಡ ಕಲೆಯ ಪಕ್ಕದಲ್ಲೇ ಗೌರವದಿಂದ ಇಟ್ಟಿದ್ದಾರೆ. ವಿಶೇಷ ಏನೆಂದರೆ ಈ ಮ್ಯೂಸಿಯಂ ಮೊದಲು ತೆರೆದದ್ದೇ ಆನ್‌ಲೈನ್‌ನಲ್ಲಿ, 2020ರ ಡಿಸೆಂಬರ್‌ನಲ್ಲಿ. ಕಸ್ತೂರಬಾ ರಸ್ತೆಯ ಕಟ್ಟಡ ಜನರಿಗೆ ತೆರೆದದ್ದು 2023ರಲ್ಲಿ. ಅದರದೇ ಮ್ಯಾಪ್ ಅಕಾಡೆಮಿ ಭಾರತೀಯ ಕಲೆಯ ವಿಶ್ವಕೋಶವೊಂದನ್ನು ನಡೆಸುತ್ತದೆ, ಉಚಿತ ಕೋರ್ಸ್‌ಗಳೂ ಇವೆ. ಪರೀಕ್ಷೆಗೆ ಓದುವವರು, ಪಾಠ ಸಿದ್ಧ ಮಾಡುವ ಮಾಸ್ತರರು ಮೆಟ್‌ಗಿಂತ ಮೊದಲು ಇಲ್ಲಿಂದ ಶುರು ಮಾಡಬಹುದು. ಬರಹ ಚಿಕ್ಕದು, ಭಾಷೆ ತಿಳಿ, ಉದಾಹರಣೆಗಳು ನಮ್ಮವೇ.

ಯಾದಗಿರಿಯವರಿಗೆ ಸ್ವಲ್ಪ ಕಷ್ಟ ಹೆಚ್ಚು. ಸುರಪುರದ ನಾಯಕರ ಆಶ್ರಯದಲ್ಲಿ ಬೆಳೆದ ಚಿತ್ರಶೈಲಿ, ಬಂಗಾರದ ಕೆಲಸದ ಆ ಸೂಕ್ಷ್ಮ ಚಿತ್ರಗಳು, ದೊಡ್ಡ ತಾಣಗಳಲ್ಲಿ ಅವುಗಳದೇ ಹೆಸರಿನಲ್ಲಿ ಸುಲಭವಾಗಿ ಕೈಗೆ ಸಿಗುವುದಿಲ್ಲ. ಹುಡುಕುವಾಗ ಇಂಗ್ಲಿಷ್ ಅಕ್ಷರದಲ್ಲಿ ಸುರಪುರ, ಸುರ್ಪುರ ಎರಡನ್ನೂ ಹಾಕಿ, ಬ್ರಿಟಿಷರು ಬರೆಯುತ್ತಿದ್ದ ಶೋರಾಪುರ ಎಂಬುದನ್ನೂ ಹಾಕಿ. ಅದಕ್ಕೂ ಸಿಗದಿದ್ದರೆ ‘ದಖ್ಖನ್’ ಅಥವಾ ‘ದಕ್ಷಿಣ ಭಾರತ’ ಎಂದು ಹಾಕಿ, ಕಾಲ ಹದಿನೆಂಟು, ಹತ್ತೊಂಬತ್ತನೇ ಶತಮಾನ ಎಂದು ಜರಡಿ ಹಿಡಿಯಿರಿ. ಕಲಬುರಗಿಯವರೂ ಹೀಗೇ ಮಾಡಬೇಕು. ಊರಿನ ಹೆಸರು 2014ರಲ್ಲಿ ಬದಲಾಯಿತು, ಹಳೆಯ ದಾಖಲೆಗಳಲ್ಲಿ ಇನ್ನೂ ಗುಲ್ಬರ್ಗಾ ಎಂದೇ ಇದೆ.

ಭಾಷೆಯ ತೊಡಕು ಇದ್ದೇ ಇದೆ. ಬಹುಪಾಲು ಪುಟಗಳು ಇಂಗ್ಲಿಷ್‌ನಲ್ಲಿವೆ. ಮೊಬೈಲಿನ ಕ್ರೋಮ್‌ನಲ್ಲಿ ಕನ್ನಡಕ್ಕೆ ತಿರುಗಿಸುವ ಸೌಲಭ್ಯ ಇದೆ, ವಿಷಯ ತಿಳಿಯಲು ಅಷ್ಟು ಸಾಕು. ಕಸುಬಿನ ಮಾತುಗಳನ್ನು ಮಾತ್ರ ಅದನ್ನು ನಂಬಿ ಬರೆದುಕೊಳ್ಳಬೇಡಿ, ಊರಿನ ಕಾರೀಗರರನ್ನು ಕೇಳಿ ಬರೆದುಕೊಳ್ಳಿ.

ಡೇಟಾ ಪ್ಯಾಕ್ ಚಿಕ್ಕದಿದ್ದರೆ ಟೂರ್ ಮತ್ತು ವಿಡಿಯೋ ಬಿಟ್ಟುಬಿಡಿ, ವಸ್ತುವಿನ ಪುಟಗಳನ್ನಷ್ಟೇ ತೆರೆಯಿರಿ. ತರಗತಿಯಲ್ಲಿ ತೋರಿಸುವವರು ಚಿತ್ರಗಳನ್ನು ವೈಫೈ ಇರುವ ಕಡೆ ಮೊದಲೇ ಇಳಿಸಿಟ್ಟುಕೊಳ್ಳಿ. ಪಾಠದ ನಡುವೆ ನೆಟ್ ಹೋದರೆ ಮಕ್ಕಳ ಗಮನವೂ ಹೋಗುತ್ತದೆ. ಮೊಬೈಲಿನ ಬ್ರೈಟ್‌ನೆಸ್ ಪೂರ್ತಿ ಏರಿಸಿದರೆ ಬಿದ್ರಿಯ ಕಪ್ಪು ಬೂದು ಬಣ್ಣಕ್ಕೆ ತಿರುಗುತ್ತದೆ. ಅರ್ಧಕ್ಕೆ ಇಟ್ಟು, ಬಿಸಿಲಿನಿಂದ ಒಳಗೆ ಬಂದು ನೋಡಿ.

ಪರದೆಯ ಮೇಲೆ ಹುಕ್ಕಾ ತಳವೂ ನೈಟ್ ವಾಚೂ ಒಂದೇ ಅಳತೆ. ಇದು ಎಲ್ಲ ಆನ್‌ಲೈನ್ ಪ್ರದರ್ಶನಗಳ ದೊಡ್ಡ ಕೊರತೆ, ಯಾವ ಮ್ಯೂಸಿಯಂ ಆದರೂ ಅಷ್ಟೇ. ಪುಟದಲ್ಲಿ ಸೆಂಟಿಮೀಟರ್ ಲೆಕ್ಕ ಕೊಟ್ಟಿರುತ್ತಾರೆ. ಸೀಮೆಸುಣ್ಣ ತೆಗೆದುಕೊಂಡು ಅಷ್ಟೇ ಅಳತೆಯನ್ನು ಕರಿಹಲಗೆ ಮೇಲೆ ಬರೆಯಿರಿ. ಹುಕ್ಕಾ ಹಲಗೆಯ ಮೂಲೆಯಲ್ಲಿ ಕೂರುತ್ತದೆ, ನೈಟ್ ವಾಚ್‌ಗೆ ಶಾಲೆಯ ಗೋಡೆ ಬೇಕಾಗುತ್ತದೆ. ತೂಕ, ತಣ್ಣಗಿನ ಲೋಹದ ಮುಟ್ಟು, ಇವುಗಳಿಗೆ ಬೀದರಿಗೇ ಬರಬೇಕು. ಹಳೆ ಊರಿನ ಬಿದ್ರಿ ಅಂಗಡಿಗಳಲ್ಲಿ ಒಂದು ಡಬ್ಬಿ ಕೈಗೆ ಕೊಡಿ ಎಂದರೆ ಕೊಡುತ್ತಾರೆ.

ಇನ್ನೊಂದು ವಿಷಯ ನಮ್ಮ ಕಾರೀಗರರಿಗೆ. ಮೆಟ್, ವಿ ಅಂಡ್ ಎ, ಬ್ರಿಟಿಷ್ ಮ್ಯೂಸಿಯಂ ಈ ಮೂರೂ ತಾಣಗಳಲ್ಲಿ ವಸ್ತುವಿನ ಪುಟದಿಂದಲೇ ‘ಈ ದಾಖಲೆಯ ಬಗ್ಗೆ ಏನಾದರೂ ಹೇಳುವುದಿದ್ದರೆ ಬರೆಯಿರಿ’ ಎಂಬ ಕೊಂಡಿ ಸಿಗುತ್ತದೆ. ಕ್ಯುರೇಟರ್‌ಗಳು ಅದನ್ನು ಬಯಸಿಯೇ ಇಟ್ಟಿರುವುದು. ಒಂದು ಹೂಜಿಯ ಮೇಲೆ ಇರುವುದು ತಾರಕಶಿಯೋ ತೆಹನಿಶಾನೋ, ಅದರ ಬಳ್ಳಿಯ ನಮೂನೆಗೆ ನಿಮ್ಮ ಮನೆಯಲ್ಲಿ ಏನು ಹೆಸರು, ಎರಕದಲ್ಲಿ ಎಲ್ಲಿ ಜೋಡಿಸಿದ್ದಾರೆ ಎಂಬುದು ತಲೆಮಾರುಗಳಿಂದ ಉಳಿ ಹಿಡಿದವರ ಕಣ್ಣಿಗೆ ಥಟ್ಟನೆ ತಿಳಿಯುತ್ತದೆ. ತಪ್ಪು ಕಂಡರೆ ಬರೆಯಿರಿ. ಇಂಗ್ಲಿಷ್ ಬಾರದಿದ್ದರೆ ಕಾಲೇಜು ಓದುವ ಮಗನಿಗೋ ಮಗಳಿಗೋ ಹೇಳಿ ಬರೆಸಿ, ಜೊತೆಗೆ ನಿಮ್ಮ ಕೆಲಸದ ಒಂದು ಫೋಟೋ ಇದೆ ಎಂದು ತಿಳಿಸಿ, ವಸ್ತುವಿನ ನೋಂದಣಿ ಸಂಖ್ಯೆಯನ್ನು ಮರೆಯದೆ ನಮೂದಿಸಿ.